ತಳಂಗರೆಯ ಟೊಪ್ಪಿ

ಸೋಮವಾರ ಮಧ್ಯಾಹ್ನ ಮಂಗಳೂರಿನಿಂದ ಅವಳ ವಿಮಾನ.
ದೇಶ ಬಿಡುವ ಕಾಗದಕ್ಕೆ ಶುಕ್ರವಾರವೇ
ಪೊಲೀಸ್ ಕಚೇರಿಯ ಮೊಹರು ಬಿದ್ದಿತ್ತು.
ನಡುವೆ ಉಳಿದದ್ದು ಒಂದು ಶನಿವಾರ, ಒಂದು ಆದಿತ್ಯವಾರ.
"ಸುಗುಣಕ್ಕ, ನಾವು ಎಲ್ಲಿಗಾದರೂ ಹೋಗುವ" ಎಂದಳು
ಮ್ವನಾಶಾ. ನಮ್ಮ ಲ್ಯಾಬಿನವರ ಬಾಯಲ್ಲಿ ಮೋನಾಶ.
ಮೂರು ವರ್ಷ ತೆಂಗಿನ ಗರಿಯ ಹಳದಿ ಚುಕ್ಕೆ ಎಣಿಸಿದವಳು;
ಅವಳು ಎಣಿಸುವುದು, ನಾನು ಬರೆದುಕೊಳ್ಳುವುದು.
ಅವಳ ಊರು ಪೆಂಬಾ, ಆಫ್ರಿಕದ ಬದಿಯ ದ್ವೀಪ.
ಅಲ್ಲಿಯೂ ತೆಂಗು, ಅಲ್ಲಿಯೂ ಕುರುವಾಯಿಯ ಕಾಟ,
ಬೊಂಡಕ್ಕೆ ಮಾತ್ರ ದಾಫು ಅಂತಾರಂತೆ.

ಶನಿವಾರ ಬೇಕಲ. ಎಲ್ಲರೂ ಹೋಗುವಲ್ಲಿಗೇ ಹೋದೆವು.
ಬಸ್ಸು ಚಂದ್ರಗಿರಿ ಸಂಕ ದಾಟುವಾಗ ಹೇಳಿದೆ:
ನನ್ನ ಅಜ್ಜಿಗೆ ಈ ಹೊಳೆಯಾಚೆ ಬೇರೆ ದೇಶ,
ಸಾಯುವವರೆಗೆ ದಾಟಲಿಲ್ಲ.
ಕೆಳಗೆ ಒಂದು ದೋಣಿ, ಒಣಹಾಕಿದ ಬಲೆ.
"ನೀವು ಪಾಸ್‌ಪೋರ್ಟ್ ತಂದಿದ್ದೀರಾ?" ಕೇಳಿದಳು.
ನಮ್ಮ ನಗುವಿಗೆ ಕಂಡಕ್ಟರ್ ಮಲಯಾಳದಲ್ಲಿ ಏನೋ ಅಂದ,
ಉತ್ತರ ಅವಳೇ ಕೊಟ್ಟಳು.
ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು.
ಕರೆಂಟು ಬಿಲ್ಲಿನ ಹಿಂಬದಿ, ಪಂಚಾಯತಿನ ನೋಟೀಸು,
ರೇಶನ್ ಅಂಗಡಿಯ ಗೋಡೆ
ಮೂರು ವರ್ಷ ನನಗೆ ಓದಿ ಹೇಳಿದ್ದು
ಪೆಂಬಾದ ಹುಡುಗಿ.

ಕೋಟೆಯ ಕೌಂಟರಿನಲ್ಲಿ ಎರಡು ದರ.
ನನಗೊಂದು; ಅವಳಿಗೆ ಅದರ ಹನ್ನೆರಡು ಪಟ್ಟು.
"ಇವಳು ಇಲ್ಲಿಯವಳೇ ಮಾರಾಯ" ಎಂದು ಜಗಳಾಡಿದೆ
ಹಿಂದಿನ ಸಾಲು ಗೊಣಗುವವರೆಗೆ.
ಅವಳು ಮಾತಿಲ್ಲದೆ ನೋಟು ಎಣಿಸಿ ಕೊಟ್ಟಳು.
ಬುರುಜು ಹತ್ತಿ, ಗಾಳಿಗೆ ಹಾರುವ ಶಾಲು ಹಲ್ಲಿನಲ್ಲಿ ಕಚ್ಚಿ,
ನೀರನ್ನೇ ನೋಡುತ್ತ ನಿಂತಳು. ನನ್ನ ಕಾಲು ನೋಯತೊಡಗಿತು.
"ಸ್ವಲ್ಪ ಇರಿ," ಎಂದಳು,
"ನಾನು ಹನ್ನೆರಡು ಪಟ್ಟು ನೋಡಬೇಕಲ್ಲ."

ಆದಿತ್ಯವಾರ ತಳಂಗರೆ.
ಅಪ್ಪನಿಗೆ ಏನಾದರೂ ಒಯ್ಯಬೇಕು, ಇಲ್ಲಿಯದೇ ಆಗಬೇಕು,
ಬೇರೆಲ್ಲೂ ಸಿಗಬಾರದು.
ಓಣಿಯಲ್ಲಿ ಮೂರು ಮನೆ ಕೇಳಿ, ನಾಲ್ಕನೆಯದರ ಜಗಲಿಯಲ್ಲಿ
ಸಿಕ್ಕಿದರು ಅಂದುಂಞಿಚ್ಚ,
ಕನ್ನಡಕದ ಮುರಿದ ಕಾಲಿಗೆ ನೂಲು ಕಟ್ಟಿಕೊಂಡು
ಬಿಳಿ ಟೊಪ್ಪಿಗೆ ಬಿಳಿ ದಾರದ ಕಸೂತಿ ಹಾಕುತ್ತ.
ಹೆಂಡತಿಯ ಕೆಲಸವಂತೆ ಅದು. ಅವಳಿಲ್ಲ.
ಅವಳ ಸೂಜಿ ಇವರ ಕೈಯಲ್ಲಿ.
ತಿಂಗಳಿಗೆ ಎರಡು, ಅದೂ ಕಣ್ಣು ಒಪ್ಪಿದರೆ.

ಮ್ವನಾಶಾ ಟೊಪ್ಪಿ ಮಗುಚಿ ಒಳಬದಿ ನೋಡಿದಳು.
ಗಾಳಿಯಾಡಲು ಬಿಟ್ಟ ಸಾಸಿವೆಯಷ್ಟು ತೂತುಗಳ ಮೇಲೆ
ಬೆರಳಾಡಿಸಿದಳು, ಗರಿಯ ಚುಕ್ಕೆ ಎಣಿಸುವ ಹಾಗೆಯೇ.
ಆಮೇಲೆ ಫೋನು ತೆಗೆದು ಒಂದು ಪಟ ತೋರಿಸಿದಳು:
ಹಬ್ಬದ ದಿನ, ಕೆತ್ತನೆಯ ಬಾಗಿಲ ಮುಂದೆ ಅವಳ ಅಪ್ಪ,
ತಲೆಯ ಮೇಲೆ ಅದೇ.
ಅಂದುಂಞಿಚ್ಚ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು
"ಇದು ನಮ್ಮದು," ಎಂದರು.
"ಉಪ್ಪಾಪನ ಕಾಲದಲ್ಲಿ ಉರು ಹತ್ತಿ ಹೋದದ್ದು."
"ಅಲ್ಲ, ನಮ್ಮದು. ನನ್ನಜ್ಜಿ ಹೊಲಿಯುತ್ತಿದ್ದಳು."
ಇಬ್ಬರೂ ಸೋಲಲಿಲ್ಲ.
ಒಳಗಿನಿಂದ ನಿಂಬೆ ಶರಬತ್ತು ಬಂತು.
ಹೇಳಿದ ದರ, ಎಲ್ಲರಿಗೂ ಹೇಳುವುದೇ.

ಸಂಜೆ ನಮ್ಮ ಬಾವಿಕಟ್ಟೆಯಲ್ಲಿ ಬಂಗುಡೆ ತೊಳೆಯುವಾಗ
ಅವಳಿಗೊಂದು ಸಂಶಯ:
ಕನ್ನಡದಲ್ಲಿ ನಾವು ಅಂದರೆ ಯಾರು,
ಕೇಳುತ್ತಿರುವವಳು ಸೇರಿಯೋ, ಬಿಟ್ಟೋ?
ಕನ್ನಡಕ್ಕೆ ಆ ಲೆಕ್ಕ ಇಲ್ಲ ಮಾರಾಯ್ತಿ, ಎಂದೆ.
ನಮ್ಮ ಮನೆಯ ತುಳುವಿಗೆ ಉಂಟು.
ನಿನ್ನನ್ನು ಬಿಟ್ಟರೆ ಎಂಕುಲು.
ಸೇರಿಸಿದರೆ ನಮ.
ಹಳದಿ ಚುಕ್ಕೆಗಳ ಪುಸ್ತಕದಲ್ಲಿ ಬರೆದುಕೊಂಡಳು.
"ಅಂದುಂಞಿಚ್ಚ ಹೇಳಿದ್ದು ಇದರಲ್ಲಿ ಯಾವುದು?"
ನಾನು ಮೀನಿನ ಕಿವಿರು ಕೀಳುತ್ತಿದ್ದೆ.
ಬೆಕ್ಕು ಕಾಯುತ್ತಿತ್ತು.

ಸೋಮವಾರ ಹದಿನಾಲ್ಕನೇ ನಂಬ್ರದ ಮರದ ಬುಡದಲ್ಲಿ
ಎಣಿಸುವುದೂ ನಾನೇ, ಬರೆಯುವುದೂ ನಾನೇ ಆಗಿ
ಎರಡು ಸಲ ಲೆಕ್ಕ ತಪ್ಪಿತು.
ಹನ್ನೊಂದೂವರೆಗೆ ಫೋನು.
"ಸುಗುಣಕ್ಕ, ನಮ ತಲಪಾಡಿಡ್ ಉಲ್ಲ."
ಕಾರಿನಲ್ಲಿ ಇದ್ದದ್ದು ಅವಳು ಮತ್ತು ಡ್ರೈವರ್.
ವ್ಯಾಕರಣದ ಪ್ರಕಾರ
ಎಂಕುಲು ಅನ್ನಬೇಕಿತ್ತು.
ನಾನು ತಿದ್ದಲಿಲ್ಲ.